ಆಸ್ಟರಿಸ್ಕ್ ವಾಯ್ಸ್‌ಮೇಲ್, ದೀರ್ಘ ಬಳಕೆಯ ನಂತರ: ಆಫೀಸಿಗೆ ಎಷ್ಟು ಲೈನ್ ಬೇಕು?

ಆಸ್ಟರಿಸ್ಕ್ ಎಂದರೆ ಕಂಪ್ಯೂಟರನ್ನೇ ಆಫೀಸಿನ ಟೆಲಿಫೋನ್ ಎಕ್ಸ್‌ಚೇಂಜ್ ಆಗಿಸುವ ಸಾಫ್ಟ್‌ವೇರ್. ಅದರ ವಾಯ್ಸ್‌ಮೇಲ್ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ತೊಂದರೆ ಬರುವುದು ಅದಕ್ಕೆ ಕೊಟ್ಟ ಲೈನ್‌ಗಳ ಲೆಕ್ಕದಲ್ಲಿ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಆ ಲೆಕ್ಕದ ಬಗ್ಗೆಯೇ ಇದೆ.

ಹಳೆಯ ಕಾಲದ ವಾಯ್ಸ್‌ಮೇಲ್ ಪೆಟ್ಟಿಗೆಗಳನ್ನು 2, 4 ಅಥವಾ 8 ಪೋರ್ಟ್‌ಗಳ ಮೂಲಕ ಪಿಬಿಎಕ್ಸ್‌ಗೆ (ಆಫೀಸಿನ ಒಳಗಿನ ಎಕ್ಸ್‌ಚೇಂಜ್‌ಗೆ) ಜೋಡಿಸುತ್ತಿದ್ದರು. ಪೋರ್ಟ್ ತುಂಬಿದರೆ ಮೆಸೇಜ್ ಬಿಡಲು ಜಾಗವಿಲ್ಲ. ಆಸ್ಟರಿಸ್ಕ್‌ನಲ್ಲಿ ವಾಯ್ಸ್‌ಮೇಲ್‌ಗೆಂದು ಪ್ರತ್ಯೇಕ ಪೋರ್ಟ್ ಇಲ್ಲ. ಇದು ಅನುಕೂಲವೇ. ಆದರೆ ಮಾತಾಡುವ ಕಾಲ್, ಮೆಸೇಜ್ ಬಿಡುವ ಕಾಲ್, ಹೊರಗಿನಿಂದ ಮೆಸೇಜ್ ಕೇಳುವ ಕಾಲ್ ಎಲ್ಲವೂ ಒಂದೇ ಟ್ರಂಕ್‌ಗೆ, ಅಂದರೆ ಆಪರೇಟರ್‌ನಿಂದ ಆಫೀಸಿಗೆ ಬರುವ ಲೈನ್‌ಗಳ ಗುಂಪಿಗೆ, ಪೈಪೋಟಿ ನಡೆಸುತ್ತವೆ. ಒಂದು ಲೈನ್ ಅಥವಾ ಚಾನೆಲ್ ಎಂದರೆ ಒಮ್ಮೆಗೆ ಒಂದು ಕಾಲ್. ಇ1 ಪಿಆರ್‌ಐ (ಡಿಜಿಟಲ್ ಫೋನ್ ಲೈನ್) ಆದರೆ 30 ಚಾನೆಲ್, ಸಿಪ್ ಟ್ರಂಕ್ (ಡೇಟಾ ಸಂಪರ್ಕದ ಮೇಲೆ ಬರುವ ಫೋನ್ ಲೈನ್) ಆದರೆ ನೀವು ದುಡ್ಡು ಕೊಟ್ಟಷ್ಟು ಚಾನೆಲ್.

ಮೇಲ್‌ಬಾಕ್ಸ್‌ಗಳನ್ನು ಎಣಿಸಿ ಲೈನ್ ನಿರ್ಧರಿಸಬೇಡಿ. ಎಣಿಸಬೇಕಾದ್ದು ದಿನದ ಅತಿ ಬಿಡುವಿಲ್ಲದ ಒಂದು ಗಂಟೆಯಲ್ಲಿ ಲೈನ್ ಹಿಡಿದಿಟ್ಟ ಒಟ್ಟು ಸೆಕೆಂಡುಗಳನ್ನು. ಅದನ್ನು 3600ರಿಂದ ಭಾಗಿಸಿದರೆ ಬರುವುದು ಎರ್ಲಾಂಗ್ ಎಂಬ ಹೊರೆಯ ಅಳತೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ, ಹೊರೆ ಮತ್ತು ಲೈನ್ ಸಂಖ್ಯೆಯಿಂದ ಎಂಗೇಜ್ ಸಿಗುವ ಸಾಧ್ಯತೆ ಹೇಳುವ ಸೂತ್ರ ಇವತ್ತಿನ ಸಿಪ್ ಟ್ರಂಕ್‌ಗೂ ಹಾಗೆಯೇ ಹೊಂದುತ್ತದೆ.

ಒಂದು ಸರ್ವಿಸ್ ಸೆಂಟರ್ ಲೆಕ್ಕ ನೋಡಿ. ಬಿಡುವಿಲ್ಲದ ಗಂಟೆಯಲ್ಲಿ 90 ಕಾಲ್ ಬರುತ್ತವೆ ಎಂದುಕೊಳ್ಳಿ. 60 ಕಾಲ್‌ಗೆ ಸಿಬ್ಬಂದಿ ಉತ್ತರಿಸುತ್ತಾರೆ, ಸರಾಸರಿ 180 ಸೆಕೆಂಡ್: 3 ಎರ್ಲಾಂಗ್. ಇಲ್ಲಿಗೇ ಲೆಕ್ಕ ನಿಲ್ಲಿಸಿದರೆ 8 ಲೈನ್ ಸಾಕು, ಎಂಗೇಜ್ ಸಿಗುವ ಸಾಧ್ಯತೆ ಶೇ. 0.8 ಮಾತ್ರ. ಈಗ ಬಿಟ್ಟುಹೋದದ್ದನ್ನು ಸೇರಿಸಿ. ಉಳಿದ 30 ಕಾಲ್ ವಾಯ್ಸ್‌ಮೇಲ್‌ಗೆ ಹೋಗುತ್ತವೆ. 20 ಸೆಕೆಂಡ್ ರಿಂಗ್, 15 ಸೆಕೆಂಡ್ ಗ್ರೀಟಿಂಗ್, 40 ಸೆಕೆಂಡ್ ಮೆಸೇಜ್, ಒಟ್ಟು 75 ಸೆಕೆಂಡ್. ಅದು 0.63 ಎರ್ಲಾಂಗ್. ಹೊರಗಿರುವ ಸಿಬ್ಬಂದಿ ಮೆಸೇಜ್ ಕೇಳಲು 6 ಸಲ ಡಯಲ್ ಮಾಡಿ 150 ಸೆಕೆಂಡ್ ಕೇಳಿದರೆ 0.25. ಉತ್ತರಿಸಿದ ಕಾಲ್‌ಗಳಲ್ಲಿ 10 ಮಾತ್ರ ಮೊಬೈಲ್‌ಗೆ ಫಾರ್ವರ್ಡ್ ಆದರೂ, ಒಳಬಂದ ಚಾನೆಲ್ ಜೊತೆಗೆ ಹೊರಹೋಗುವ ಇನ್ನೊಂದು ಚಾನೆಲ್ ಬೇಕು. 150 ಸೆಕೆಂಡ್‌ನಂತೆ 0.42. ಎಲ್ಲ ಸೇರಿ ಸುಮಾರು 4.3 ಎರ್ಲಾಂಗ್. ಅದೇ 8 ಲೈನ್‌ಗೆ ಈಗ ಶೇ. 4 ಕಾಲ್ ಎಂಗೇಜ್, ಅಂದರೆ 25ಕ್ಕೆ ಒಂದು. ಶೇ. 1ರೊಳಗೆ ಇಳಿಸಲು 10 ಲೈನ್ ಬೇಕು.

ಈ ಸೂತ್ರಕ್ಕೆ ಒಂದು ಮಿತಿ ಇದೆ. ಎಂಗೇಜ್ ಕೇಳಿದವರು ಮತ್ತೆ ಕಾಲ್ ಮಾಡುವುದಿಲ್ಲ ಎಂದು ಅದು ಭಾವಿಸುತ್ತದೆ. ನಮ್ಮ ಜನ ತಕ್ಷಣ ರೀಡಯಲ್ ಒತ್ತುತ್ತಾರೆ. ಹಬ್ಬದ ಸಾಲುರಜೆ ಮುಗಿದ ಮರುದಿನ ಬೆಳಿಗ್ಗೆಯಂತೂ ಸರಾಸರಿ ಲೆಕ್ಕಕ್ಕೆ ಬೆಲೆಯೇ ಇಲ್ಲ. ಅಂಥ ದಿನಗಳಿರುವ ವ್ಯಾಪಾರವಾದರೆ ಬಂದ ಉತ್ತರಕ್ಕೆ ಇನ್ನೆರಡು ಲೈನ್ ಸೇರಿಸಿ.

ಅಂಕಿಗಳನ್ನು ತೆಗೆಯುವ ವಿಷಯದಲ್ಲಿ ಆಸ್ಟರಿಸ್ಕ್‌ಗೆ ಪೂರ್ಣ ಅಂಕ. ಸಿಡಿಆರ್ (ಕಾಲ್‌ಗಳ ವಿವರ ದಾಖಲಾಗುವ) ಕಡತದಲ್ಲಿ ಪ್ರತಿ ಕಾಲ್ ಕೊನೆಗೆ ಯಾವ ಅಪ್ಲಿಕೇಶನ್‌ನಲ್ಲಿತ್ತು ಎಂಬ ಕಾಲಂ ಇದೆ. ವಾಯ್ಸ್‌ಮೇಲ್ ಎಂದಿದ್ದರೆ ಬಿಟ್ಟ ಮೆಸೇಜ್, ವಾಯ್ಸ್‌ಮೇಲ್‌ಮೇನ್ ಎಂದಿದ್ದರೆ ಕೇಳಿದ ಮೆಸೇಜ್. ಸಮಯಕ್ಕೆ ಬಿಲ್‌ಸೆಕ್ (ಉತ್ತರಿಸಿದ ನಂತರದ ಸೆಕೆಂಡುಗಳು) ಅಲ್ಲ, ಡ್ಯುರೇಶನ್ ಕಾಲಂ ಕೂಡಿಸಿ, ಏಕೆಂದರೆ ರಿಂಗ್ ಆಗುವಾಗಲೂ ಚಾನೆಲ್ ಹಿಡಿದಿರುತ್ತದೆ. ಒಂದು ಎಚ್ಚರ: ಚಾನೆಲ್ ತುಂಬಿದಾಗ ಬಂದ ಕಾಲ್‌ಗಳನ್ನು ಆಪರೇಟರ್ ಕಡೆಯಲ್ಲೇ ತಿರಸ್ಕರಿಸಲಾಗುತ್ತದೆ, ಅವು ನಿಮ್ಮ ಸಿಡಿಆರ್‌ಗೆ ಬರುವುದೇ ಇಲ್ಲ. ಯಾವುದೇ ಹೊತ್ತಿನಲ್ಲಿ ಬಳಕೆ ಒಟ್ಟು ಚಾನೆಲ್‌ಗೆ ಸಮವಾಗಿದ್ದರೆ ನಿಜವಾದ ಬೇಡಿಕೆ ಕಾಣುವುದಕ್ಕಿಂತ ಹೆಚ್ಚಿರಬಹುದು. ಆಗ ಆಪರೇಟರ್‌ನಿಂದ ಓವರ್‌ಫ್ಲೋ (ಚಾನೆಲ್ ಸಿಗದೆ ಹೋದ ಕಾಲ್‌ಗಳ) ವರದಿ ಕೇಳಿ ಪಡೆಯಿರಿ.

ಅನಲಾಗ್ ಲೈನ್ ಬಳಸುವವರಿಗೆ ಇನ್ನೊಂದು ದೊಡ್ಡ ತಲೆನೋವು ಇದೆ. ಕಾಲ್ ಮಾಡಿದವರು ಫೋನ್ ಇಟ್ಟದ್ದು ಎಫ್‌ಎಕ್ಸ್‌ಒ ಕಾರ್ಡ್‌ಗೆ (ಅನಲಾಗ್ ಲೈನ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಕಾರ್ಡ್) ತಿಳಿಯದೆ, ಎಂಗೇಜ್ ಟೋನ್ ಅನ್ನೇ ಮೆಸೇಜ್ ಎಂದು ರೆಕಾರ್ಡ್ ಮಾಡುತ್ತಾ ಕೂರುತ್ತದೆ. ಮೌನ ಮುಂದುವರಿದರೆ ರೆಕಾರ್ಡಿಂಗ್ ನಿಲ್ಲಿಸುವ ಮ್ಯಾಕ್ಸ್‌ಸೈಲೆನ್ಸ್ ಸೆಟ್ಟಿಂಗ್ ಇಲ್ಲಿ ಉಪಯೋಗಕ್ಕೆ ಬರದು, ಟೋನ್ ಮೌನವಲ್ಲವಲ್ಲ. ಮ್ಯಾಕ್ಸ್‌ಸೆಕ್ಸ್ (ಮೆಸೇಜ್‌ನ ಗರಿಷ್ಠ ಸೆಕೆಂಡ್) 180 ಇದ್ದು, ಗಂಟೆಗೆ 15 ಜನ ಗ್ರೀಟಿಂಗ್ ನಡುವೆಯೇ ಇಟ್ಟುಬಿಟ್ಟರೆ ಸುಮ್ಮನೆ 0.75 ಎರ್ಲಾಂಗ್ ಪೋಲು. ನಮ್ಮಲ್ಲಿ ಗ್ರೀಟಿಂಗ್ ಕೇಳಿದೊಡನೆ ಕಟ್ ಮಾಡುವವರೇ ಜಾಸ್ತಿ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಭಾರತದ ಎಂಗೇಜ್ ಟೋನ್ 400 ಹರ್ಟ್ಸ್, 750 ಮಿಲಿಸೆಕೆಂಡ್ ಸದ್ದು, 750 ಮೌನ. ಡಾಡಿ (ಫೋನ್ ಕಾರ್ಡ್ ನಡೆಸುವ ಡ್ರೈವರ್) ಸೆಟ್ಟಿಂಗ್‌ನಲ್ಲಿ ಬಿಸಿಡಿಟೆಕ್ಟ್ ಆನ್ ಮಾಡಿ, ಬಿಸಿಪ್ಯಾಟರ್ನ್‌ಗೆ ಈ ಎರಡು ಅಂಕಿ, ಬಿಸಿಕೌಂಟ್‌ಗೆ (ಎಷ್ಟು ಟೋನ್ ಕೇಳಿದ ಮೇಲೆ ಕಟ್ ಮಾಡಬೇಕು) 4 ಕೊಡಿ. ಇನ್ನೂ ಕಡಿಮೆ ಇಟ್ಟರೆ ಮಾತಿನ ನಡುವೆಯೇ ಕಾಲ್ ಕಟ್ ಆಗುವ ಅಪಾಯವಿದೆ. ಎಕ್ಸ್‌ಚೇಂಜ್‌ನವರು ಪೊಲಾರಿಟಿ ರಿವರ್ಸಲ್ (ಫೋನ್ ಇಟ್ಟಾಗ ಲೈನಿನ ವಿದ್ಯುತ್ ದಿಕ್ಕು ಬದಲಿಸುವ ಸಂಕೇತ) ಕೊಡುವುದಾದರೆ ಅದೇ ಒಳ್ಳೆಯದು.

ಲೈನ್ ಕೊಳ್ಳುವ ಮೊದಲು ಸೆಕೆಂಡು ಕಡಿತ ಮಾಡಿ ನೋಡಿ. ಗ್ರೀಟಿಂಗ್ 8 ಸೆಕೆಂಡಿಗೆ ಇಳಿಸಿ. ಮ್ಯಾಕ್ಸ್‌ಸೈಲೆನ್ಸ್ ಮಿನ್‌ಸೆಕ್ಸ್‌ಗಿಂತ (ಮೆಸೇಜ್‌ನ ಕನಿಷ್ಠ ಸೆಕೆಂಡ್) ಕಡಿಮೆ ಇರಲಿ, ಇಲ್ಲವಾದರೆ ಖಾಲಿ ಮೆಸೇಜ್ ಸೇರುತ್ತವೆ. ಒಂದು ಬಾಕ್ಸ್‌ನಲ್ಲಿ ಎಷ್ಟು ಮೆಸೇಜ್ ಹಿಡಿಸಬೇಕೆಂಬ ಮ್ಯಾಕ್ಸ್‌ಎಂಎಸ್‌ಜಿ ಮೂಲದಲ್ಲಿ 100. ಬಾಕ್ಸ್ ತುಂಬಿದರೆ ಕಾಲ್ ಮಾಡಿದವರು ಲೈನ್ ಹಿಡಿದು, ತುಂಬಿದೆ ಎಂಬ ಸಂದೇಶ ಕೇಳಿ, ಮತ್ತೆ ಪ್ರಯತ್ನಿಸುತ್ತಾರೆ. ಎಲ್ಲಕ್ಕಿಂತ ಲಾಭ ಮೆಸೇಜ್ ಇಮೇಲ್‌ಗೆ ಕಳಿಸುವುದರಲ್ಲಿ: ಹೊರಗಿನಿಂದ ಡಯಲ್ ಮಾಡಿ ಕೇಳುವ ಹೊರೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ವೇವ್ ಕಡತ ನಿಮಿಷಕ್ಕೆ 960 ಕೆಬಿ, ಅದನ್ನೇ ಒತ್ತಿ ಚಿಕ್ಕದಾಗಿಸಿದ ವೇವ್49 ಸುಮಾರು 100 ಕೆಬಿ. ಮೊಬೈಲ್‌ನಲ್ಲಿ ಕೇಳುವವರಿಗೆ ಎರಡನೆಯದು ತೆರೆಯುತ್ತದೆಯೇ ಎಂದು ಮೊದಲು ಪರೀಕ್ಷಿಸಿ.

ಸಿಪ್ ಆದರೆ ಜಿ.711 ಎಂಬ ಧ್ವನಿ ರೂಪಕ್ಕೆ ಪ್ರತಿ ಕಾಲ್‌ಗೂ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್ ಬೇಕು, 10 ಕಾಲ್‌ಗೆ 870. ಅಪ್‌ಲೋಡ್ ಕಡೆಯೂ ಅಷ್ಟೇ ಬೇಕು ಎಂಬುದು ನೆನಪಿರಲಿ.

ಕೊರತೆ ಎಂದರೆ ಲೈನ್ ಸಾಲದಾಗಿದೆ ಎಂದು ಆಸ್ಟರಿಸ್ಕ್ ತಾನಾಗಿ ಎಚ್ಚರಿಸುವುದಿಲ್ಲ. ಕನ್ಸೋಲ್‌ನ ಚಾನೆಲ್ ಎಣಿಕೆಯೂ ಗೊಂದಲ ಹುಟ್ಟಿಸುತ್ತದೆ: ಹೊರಗಿನಿಂದ ಮೇಜಿನ ಫೋನ್‌ಗೆ ಬಂದ ಒಂದೇ ಕಾಲ್ ಎರಡು ಚಾನೆಲ್ ಎಂದು ಕಾಣುತ್ತದೆ, ಟ್ರಂಕ್ ಹೆಸರಿನವನ್ನು ಮಾತ್ರ ಎಣಿಸಬೇಕು. ಹೊಸ ಲೈನ್ ಬಂದ ದಿನ ಆಫೀಸ್ ಮುಗಿದ ಮೇಲೆ ಹತ್ತು ಮೊಬೈಲ್‌ಗಳಿಂದ ಒಟ್ಟಿಗೆ ಕಾಲ್ ಮಾಡಿ ಹತ್ತೂ ವಾಯ್ಸ್‌ಮೇಲ್‌ಗೆ ತಲುಪುತ್ತವೆಯೇ ನೋಡಿ. ಹನ್ನೊಂದನೆಯದಕ್ಕೆ ಎಂಗೇಜ್ ಟೋನ್ ಕೇಳಬೇಕು. ಏನೂ ಕೇಳದೆ ಮೌನವಿದ್ದರೆ ದೂರು ಕೊಡಬೇಕಾದ್ದು ಆಪರೇಟರ್‌ಗೆ.