ಹತ್ತೇ ಕೌಂಟರಿಗೆ ಮೀನ್-ಫೀಲ್ಡ್ ಸಾಕಾ? ಮೂರು ದಾರಿ ಹಿಡಿದು ನೋಡಿದೆ

ಬಂದವರು ಸುಮ್ನೆ ಯಾವುದೋ ಎರಡು ಕೌಂಟರ್ ನೋಡಿ, ಚಿಕ್ಕ ಕ್ಯೂ ಇರುವಲ್ಲಿ ನಿಲ್ಲುತ್ತಾರೆ. ನಿಯಮ ಇಷ್ಟೇ. ಸರ್ವರ್‌ಗಳಿಗೆ ಕೆಲಸ ಹಂಚುವುದಕ್ಕೂ ಇದೇ ಉಪಾಯ ಬಳಸುತ್ತಾರೆ. ಆಗಮನ ಪಾಯ್ಸಾನ್ (ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಯಾವ ಕ್ಷಣದಲ್ಲಾದರೂ ಬರುತ್ತಾರೆ), ಸೇವೆಯ ಅವಧಿ ಎಕ್ಸ್‌ಪೊನೆನ್ಷಿಯಲ್ (ಬಹುಪಾಲು ಚಿಕ್ಕದು, ಆಗೊಮ್ಮೆ ಈಗೊಮ್ಮೆ ತುಂಬಾ ಉದ್ದ), ಹೊರೆ 0.9 (ಕೌಂಟರ್ ಸರಾಸರಿ ಶೇ 90ರಷ್ಟು ಹೊತ್ತು ಕೆಲಸದಲ್ಲಿರುತ್ತದೆ) ಅಂತ ಇಟ್ಟುಕೊಂಡೆ. ಕಣ್ಣು ಮುಚ್ಚಿ ಒಂದೇ ಕೌಂಟರ್ ಆರಿಸಿದರೆ ಅಲ್ಲಿ ಸರಾಸರಿ 9 ಜನ ಇರುತ್ತಾರೆ. ಎರಡು ನೋಡಿ ಆರಿಸಿದರೆ ಎಷ್ಟು ಜನ? ಇದನ್ನೇ ಮೂರು ದಾರಿಯಲ್ಲಿ ಲೆಕ್ಕ ಹಾಕಿದೆ.

ಮೊದಲು ಮೀನ್-ಫೀಲ್ಡ್. ಕೌಂಟರ್‌ಗಳು ಲೆಕ್ಕವಿಲ್ಲದಷ್ಟು ಇವೆ, ಒಂದರ ಏರಿಳಿತ ಇನ್ನೊಂದಕ್ಕೆ ತಟ್ಟುವುದಿಲ್ಲ ಅಂತ ಊಹಿಸುವ ದಾರಿ ಇದು. 1996ರಲ್ಲಿ ರಷ್ಯಾದಲ್ಲಿ ಗಣಿತಜ್ಞೆ ವ್ವೆದೆನ್ಸ್‌ಕಯಾ ಮತ್ತು ಸಂಗಡಿಗರು, ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಮಿಟ್ಜೆನ್‌ಮಾಕರ್ ತಲುಪಿದ ಉತ್ತರ ಎಷ್ಟು ಚಂದ ನೋಡಿ: 0.9ರ 1, 3, 7, 15, 31ನೇ ಘಾತ, ಹೀಗೆ ಕೂಡುತ್ತಾ ಹೋಗಿ. ಕೌಂಟರಿಗೆ ಸರಾಸರಿ 2.35 ಜನ ಅಂತ ಬರುತ್ತದೆ. ಕ್ಯಾಲ್ಕುಲೇಟರ್ ಸಾಕು.

ಆಮೇಲೆ ಸಿಮ್ಯುಲೇಶನ್, ಅಂದರೆ ಜನ ಬಂದು ಹೋಗುವುದನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ಎಣಿಸುವುದು. ನೂರು ಕೌಂಟರ್ ಇಟ್ಟಾಗ ಸುಮಾರು 2.39 ಬಂತು, ತಕರಾರಿಲ್ಲ. ಹತ್ತಕ್ಕೆ ಇಳಿಸಿದಾಗ 2.8. ಮೀನ್-ಫೀಲ್ಡ್ ಇಲ್ಲಿ ಶೇ 16ರಷ್ಟು ಕಡಿಮೆ ಹೇಳುತ್ತಿದೆ.

ಮೂರನೆಯದು ನನಗೆ ಜಾಸ್ತಿ ಹಿಡಿಸಿತು. ಸರಾಸರಿಯಲ್ಲಿ ಆಗುವ ತಪ್ಪು ಕೌಂಟರ್‌ಗಳ ಸಂಖ್ಯೆಗೆ ವಿಲೋಮವಾಗಿ ಕುಗ್ಗುತ್ತದೆ. ಹಾಗಾದರೆ ಆ ತಪ್ಪನ್ನೇ ಲೆಕ್ಕ ಹಾಕಿ ಸೇರಿಸಿಬಿಟ್ಟರಾಯಿತಲ್ವಾ? 2017ರಲ್ಲಿ ಸಂಶೋಧಕರಾದ ಗಾಸ್ಟ್ ಮತ್ತು ವಾನ್ ಹೌಟ್ ಮಾಡಿದ್ದು ಇದನ್ನೇ. ನಮ್ಮ ಹೊರೆಗೆ ತಿದ್ದುಪಡಿ ಸುಮಾರು 4 ಭಾಗಿಸು ಕೌಂಟರ್ ಸಂಖ್ಯೆ. ಹತ್ತಕ್ಕೆ 2.75 ಆಯಿತು. ಇಷ್ಟು ಅಗ್ಗದ ಲೆಕ್ಕಕ್ಕೆ ಇಷ್ಟು ಹತ್ತಿರದ ಉತ್ತರ!

ಎಡವಿದ್ದು ಹೊರೆಯನ್ನು 0.99ಕ್ಕೆ ಏರಿಸಿದಾಗ, ಅದೂ ನಾನು ನಂಬಿದ್ದ ಸಿಮ್ಯುಲೇಶನ್‌ನಲ್ಲೇ. ಹತ್ತು ಕೌಂಟರಿಗೆ ಮೀನ್-ಫೀಲ್ಡ್ 5.4 ಅಂದಿತು, ನನ್ನ ಸಿಮ್ಯುಲೇಶನ್ 6ರ ಹತ್ತಿರ. ಪರವಾಗಿಲ್ಲ ಅಂದುಕೊಂಡೆ. ರಾತ್ರಿ ಊಟದ ಹೊತ್ತಿಗೆ ಅನುಮಾನ ಬಂತು. ಹತ್ತು ಕೌಂಟರನ್ನೂ ಸೇರಿಸಿ, ಹತ್ತು ಪಟ್ಟು ಚುರುಕಾದ ಒಂದೇ ಕೌಂಟರ್ ಮಾಡಿದರೂ ಸರಾಸರಿ 99 ಜನ ಇರಲೇಬೇಕು. ಅಂದರೆ ತಲಾ 9.9. ಬಿಡಿಬಿಡಿ ಕೌಂಟರ್‌ಗಳು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಸಾಧ್ಯವೇ ಇಲ್ಲ! ನೋಡಿದರೆ, ಖಾಲಿ ಕ್ಯೂಗಳಿಂದ ಶುರು ಮಾಡಿ, ವ್ಯವಸ್ಥೆ ಸ್ಥಿರವಾಗುವ ಮೊದಲೇ ಅಳೆದುಬಿಟ್ಟಿದ್ದೆ. ಹೊರೆ 1ಕ್ಕೆ ಹತ್ತಿರವಾದಷ್ಟೂ ಸ್ಥಿರವಾಗಲು ಹಿಡಿಯುವ ಕಾಲ ವಿಪರೀತ ಬೆಳೆಯುತ್ತದೆ. ಮೂರನೆಯ ದಾರಿಯ ತಿದ್ದಿದ ಮೀನ್-ಫೀಲ್ಡ್ ಲೆಕ್ಕ ಮಾತ್ರ 10.3ರ ಸುಮಾರು ಹೇಳಿತ್ತು, ನಾನೇ ಅದನ್ನು ನಂಬಿರಲಿಲ್ಲ.

ಮೀನ್-ಫೀಲ್ಡ್ ಬಳಸುವ ಇನ್ನೊಂದು ಕಡೆ, ಸಾಂಕ್ರಾಮಿಕದ ಲೆಕ್ಕ, ಬೇರೆ ಕಥೆ. ಒಬ್ಬ ರೋಗಿ ಸರಾಸರಿ ಇಬ್ಬರಿಗೆ ಅಂಟಿಸುತ್ತಾನೆ, ಸೋಂಕಿನ ಅವಧಿ ಎಕ್ಸ್‌ಪೊನೆನ್ಷಿಯಲ್ ಅಂದುಕೊಳ್ಳಿ. ಒಬ್ಬನಿಂದಲೇ ಶುರುವಾದರೆ, ಊರು ಎಷ್ಟೇ ದೊಡ್ಡದಿರಲಿ, ರೋಗ ತಾನಾಗಿಯೇ ಆರಿಹೋಗುವ ಸಾಧ್ಯತೆ ಅರ್ಧದಷ್ಟು. ಮೀನ್-ಫೀಲ್ಡ್ ಸಮೀಕರಣದಲ್ಲಿ ಅದು ಪ್ರತಿ ಸಲವೂ ಹಬ್ಬುತ್ತದೆ. ಇಂಥ ಕಡೆ ನಾನು ತಿದ್ದುಪಡಿಗೂ ಕೈ ಹಾಕುವುದಿಲ್ಲ, ಸೀದಾ ಸಿಮ್ಯುಲೇಶನ್ ಓಡಿಸುತ್ತೇನೆ. ಈಗ ಅಳೆಯುವ ಮೊದಲು ಸಾಕಷ್ಟು ಹೊತ್ತು ಓಡಲು ಬಿಡುತ್ತೇನೆ ಕೂಡ.