ಕೂಲಂಟ್ ಕಡಿಮೆಯಾಗ್ತಿದೆಯಾ? ಸುಮ್ನೆ ನೀರು ಸುರಿದು ಓಡಿಸಬೇಡಿ

ಹೋದ ಏಪ್ರಿಲ್‌ನಲ್ಲಿ ಶಿರಾಡಿ ಘಾಟಿಯಲ್ಲಿ ನನ್ನ ಕಾರಿನ ಎಂಜಿನ್ ಕೆಟ್ಟು ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಒಂದು ಸಣ್ಣ ಲೀಕನ್ನು ಎರಡು ತಿಂಗಳು ಹುಡುಕದೆ ಬಿಟ್ಟಿದ್ದೇ ಕಾರಣ. ನಿಮಗೆ ಹಾಗಾಗಬಾರದು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಒಂದು ದಿನ ಬಾನೆಟ್ ಎತ್ತಿದಾಗ ಡಬ್ಬಿಯಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಕೆಳಗಿನ ಗೆರೆಗಿಂತ ಇಳಿದಿತ್ತು. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಇಲ್ಲ. ಗ್ಯಾರೇಜಿನಲ್ಲಿ ಕೇಳಿದೆ. "ಬೇಸಿಗೆ ಅಲ್ವಾ ಸಾರ್, ಆವಿಯಾಗಿರುತ್ತೆ. ನೀರು ಹಾಕ್ಕೊಳ್ಳಿ" ಅಂದರು. ನಂಬಿದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್ ಕೊಳಾಯಿ ನೀರು ಸುರಿದುಕೊಂಡು ಓಡಾಡಿದೆ. ಆದರೆ ಕೂಲಂಟ್ ಓಡಾಡುವ ದಾರಿ ಪೂರ್ತಿ ಮುಚ್ಚಿರುತ್ತದೆ. ತಿಂಗಳಿಗೆ ಒಂದು ಲೀಟರ್ ಆವಿಯಾಗಿ ಹೋಗಲು ಸಾಧ್ಯವೇ ಇಲ್ಲ. ಅಷ್ಟು ಹೋಗುತ್ತಿದೆ ಅಂದರೆ ಎಲ್ಲೋ ತೂತಿದೆ.

ಉಪ್ಪಿನಂಗಡಿಯಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿದ ಮೇಲೆ ಏರು ಶುರು. ಎಸಿ ಹಾಕಿತ್ತು. ಮುಂದೆ ಟ್ಯಾಂಕರ್‌ಗಳ ಸಾಲು, ಫಸ್ಟ್ ಸೆಕೆಂಡ್ ಗೇರಿನಲ್ಲೇ ತೆವಳಾಟ. ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿತು. ಎಸಿ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗೇ ಇಳಿಯಿತು. ಸದ್ಯ, ತಣ್ಣಗಾಯಿತು ಅಂದುಕೊಂಡು ಇನ್ನೂ ಮೂರು ನಾಲ್ಕು ಕಿಲೋಮೀಟರ್ ಓಡಿಸಿದೆ. ಎಂಜಿನ್ ಹಾಳಾಗಿದ್ದು ಅಷ್ಟರಲ್ಲೇ. ಮುಳ್ಳಿಗೆ ಬಿಸಿ ಎಷ್ಟಿದೆ ಅಂತ ತಿಳಿಸುವ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿರಬೇಕು. ಕೂಲಂಟ್ ಹೋಗಿ ಅಲ್ಲಿ ಗಾಳಿ ತುಂಬಿದರೆ ಅದು ಸುಳ್ಳು ಹೇಳುತ್ತದೆ. ಏರಿದ ಮುಳ್ಳು ಏರಿನಲ್ಲೇ ದಿಢೀರಂತ ಇಳಿದರೆ ದಯವಿಟ್ಟು ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

ಮಾರನಹಳ್ಳಿ ಹತ್ತಿರ ಗಾಡಿ ಎಳೆಯಲೇ ಇಲ್ಲ. ಬಾನೆಟ್ ಸಂದಿಯಿಂದ ಹಬೆ ಬರುತ್ತಿತ್ತು. ಗಾಬರಿಯಲ್ಲಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ಬರುತ್ತಿದ್ದ ಟ್ಯಾಂಕರ್ ಡ್ರೈವರ್ ಇಳಿದು ಓಡಿ ಬಂದು ನನ್ನ ಕೈ ಹಿಡಿದು ಎಳೆದರು. "ಮುಟ್ಬೇಡಿ ಸಾರ್, ಮುಖ ಬೆಂದೋಗುತ್ತೆ!" ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಪ್ರೆಶರ್ ಇರುತ್ತದೆ. ಅದರಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಕುದ್ದು ಮೇಲಕ್ಕೆ ಚಿಮ್ಮುತ್ತದೆ. ಆ ಅಣ್ಣನ ಹೆಸರು ಕೇಳುವುದನ್ನೂ ಮರೆತೆ. ಇವತ್ತಿಗೂ ಆ ಬೇಜಾರಿದೆ.

ಗಾಡಿಯನ್ನು ಎಳೆಸಿಕೊಂಡು ಹಾಸನಕ್ಕೆ ಬಂದೆವು. ಎಂಜಿನ್ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲು ಹಾಕಿದ ಕಾಫಿಯ ಬಣ್ಣ. ಎಂಜಿನ್‌ನ ಮೇಲ್ಭಾಗವಾದ ಹೆಡ್‌ನ ಕೆಳಗೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿತ್ತು. ಹೆಡ್ ಬೆಂಡ್ ಆಗಿತ್ತು. ಎಲ್ಲಾ ಸೇರಿ 48,000 ರೂಪಾಯಿ.

ಲೀಕು ಇದ್ದದ್ದು ಎಂಜಿನ್ ಹಿಂಬದಿಯಲ್ಲಿ, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟ್ ಹರಿವನ್ನು ಬಿಡುವ ವಾಲ್ವ್) ಕೂರುವ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿ, ಅಂದರೆ ಅದರ ಕವಚದಲ್ಲಿ. ಕೂದಲೆಳೆಯಷ್ಟು ಬಿರುಕು. ತಣ್ಣಗಿದ್ದಾಗ ಕೂಡಿಕೊಂಡಿರುತ್ತಿತ್ತು, ಬಿಸಿಯಾಗಿ ಪ್ರೆಶರ್ ಏರಿದಾಗ ಬಾಯಿ ಬಿಡುತ್ತಿತ್ತು. ಒಸರಿದ್ದು ಬಿಸಿ ಎಂಜಿನ್ ಮೇಲೇ ಆರುತ್ತಿತ್ತು, ಉಳಿದದ್ದು ಅಡಿಯ ಪ್ಲಾಸ್ಟಿಕ್ ಕವರ್ ಮೇಲೆ ನಿಲ್ಲುತ್ತಿತ್ತು. ನೆಲ ಒಣಗಿದ್ದದ್ದು ಅದಕ್ಕೇ. ಬಿರುಕಿನ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಹಸಿರು ಕಲೆ ಇತ್ತು. ಟಾರ್ಚ್ ಬಿಟ್ಟು ನೋಡಿದ್ದರೆ ನನಗೇ ಕಾಣುತ್ತಿತ್ತು. ಆ ಹೌಸಿಂಗ್ ಬೆಲೆ 1,100 ರೂಪಾಯಿ.

ನಿಮ್ಮ ಗಾಡಿಯಲ್ಲೂ ಕೂಲಂಟ್ ಇಳಿಯುತ್ತಿದ್ದರೆ ಗ್ಯಾರೇಜಿನಲ್ಲಿ "ಪ್ರೆಶರ್ ಟೆಸ್ಟ್ ಮಾಡಿ" ಅಂತಲೇ ಕೇಳಿ. ಎಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಪ್ರೆಶರ್ ಕೊಟ್ಟು ಹದಿನೈದು ನಿಮಿಷ ಬಿಡುತ್ತಾರೆ. ಪಂಪಿನ ಮುಳ್ಳು ಇಳಿದರೆ ಲೀಕು ಇದೆ ಅಂತ. ಹೋಸ್ ಕ್ಲಿಪ್‌ಗಳು, ರೇಡಿಯೇಟರ್ ಅಂಚು, ವಾಟರ್ ಪಂಪ್ ಎಲ್ಲಾ ನೋಡಿಸಿ. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೆ ಮುಂದಿನ ಸೀಟಿನ ಕಾಲಡಿ ಮ್ಯಾಟ್ ತೇವವಾಗಿದೆ, ಒಳಗೆ ಸಿಹಿ ವಾಸನೆ ಬರುತ್ತಿದೆ ಅಂದರೆ ಕೂಲಂಟ್ ಹಾದುಹೋಗುವ ಹೀಟರ್ ಕಡೆ ಲೀಕಿರಬಹುದು. ಎಸಿಯಿಂದ ತೊಟ್ಟಿಕ್ಕುವ ನೀರು ನೋಡಿ ಹೆದರಬೇಡಿ. ಅದಕ್ಕೆ ಬಣ್ಣ ಇಲ್ಲ, ಅಂಟೂ ಇಲ್ಲ.

ಲೀಕು ಮುಚ್ಚುತ್ತೆ ಅಂತ ಕೊಡುವ ಪುಡಿ, ದ್ರಾವಣ ಹಾಕಿಸಬೇಡಿ. ರೇಡಿಯೇಟರ್‌ನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳಬಹುದು. ಬೋರ್‌ವೆಲ್ ನೀರೂ ಬೇಡ, ಒಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಬೀದಿ ನಾಯಿ ನೆಕ್ಕಿದರೆ ಅದರ ಕಿಡ್ನಿ ಹೋಗಬಹುದು. ಚೆಲ್ಲಿದರೆ ತಕ್ಷಣ ಒರೆಸಿ ತೆಗೆಯಿರಿ.

ಹಾಸನದಲ್ಲಿ ಗಾಡಿ ತೆಗೆದುಕೊಳ್ಳುವ ದಿನ ನನ್ನ ಕಣ್ಣೆದುರೇ ಪ್ರೆಶರ್ ಟೆಸ್ಟ್ ಮಾಡಿ ಅಂದೆ. ಅಮ್ಮನೂ ಪಕ್ಕದಲ್ಲೇ ನಿಂತು ಹದಿನೈದು ನಿಮಿಷ ಆ ಮುಳ್ಳನ್ನೇ ನೋಡಿದರು. ಅದು ಅಲುಗಲಿಲ್ಲ. ಆಮೇಲೇ ದುಡ್ಡು ಕೊಟ್ಟು ಹೊರಟೆವು.