ಎಇ86ಗೆ ವೀಲೇ ಸರಿ, ಆದ್ರೆ ಕುರ್ಚಿ ಕಟ್ಟಿ ಹಾಕಿ

ಅಸೆಟ್ಟೊ ಕೋರ್ಸಾ ಅನ್ನುವ ಕಾರ್ ರೇಸ್ ಗೇಮಿನಲ್ಲಿ ಟೊಯೋಟಾ ಎಇ86 ಕಾರು ಓಡಿಸುವ ಆಸೆ ಇದ್ದರೆ ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಆಡುವ ಕಂಟ್ರೋಲರ್ ಬಿಡಿ, ಸ್ಟೀರಿಂಗ್ ವೀಲ್ ತಗೊಳ್ಳಿ. ಹಳೇದಾದ್ರೂ ಪರವಾಗಿಲ್ಲ. ನನ್ನದು ಕಾಞಂಗಾಡಿನಿಂದ 12,000 ರೂಪಾಯಿಗೆ ತಂದ ಸೆಕೆಂಡ್ ಹ್ಯಾಂಡ್ ಮಾಲು. ಅದಕ್ಕೂ ಮೊದಲು ಕಂಟ್ರೋಲರಿನಲ್ಲೇ ಆಡುತ್ತಿದ್ದೆ. ಬೇರೆ ಕಾರುಗಳಿಗೆ ಅದು ಧಾರಾಳ ಸಾಕು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್, ಆಕ್ಸಿಲರೇಟರ್ ಒತ್ತಿದಾಗ ಚಕ್ರ ಜಾರದ ಹಾಗೆ ನೋಡುವ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಜಿಟಿ3 ರೇಸ್ ಕಾರನ್ನು ಹೆಬ್ಬೆರಳಲ್ಲೇ ಆರಾಮಾಗಿ ಓಡಿಸಬಹುದು.

ಎಇ86ರಲ್ಲಿ ಅವೆರಡೂ ಇಲ್ಲ. 1983ರಿಂದ 1987ರವರೆಗೆ ಬಂದ ಕಾರು ಅದು. ತೂಕ 940 ಕಿಲೋ ಆಸುಪಾಸು, ಅಂದ್ರೆ ನಾವು ದಿನಾ ರಸ್ತೆಯಲ್ಲಿ ಕಾಣುವ ಸ್ವಿಫ್ಟಿನಷ್ಟೇ. ಆದರೆ ತಳ್ಳುವುದು ಹಿಂದಿನ ಚಕ್ರ. 1.6 ಲೀಟರಿನ ಎಂಜಿನ್ ತನ್ನ 130 ಕುದುರೆ ಶಕ್ತಿ ತೋರಿಸುವುದು 6,600 ಆರ್‌ಪಿಎಂ ಹತ್ತಿರ ಹೋದ ಮೇಲೆ. ಹಾಗಾಗಿ ತಿರುವಿನಲ್ಲಿ ಕಳೆದುಕೊಂಡ ವೇಗ ವಾಪಸ್ ಬರುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಬ್ರೇಕ್ ಕಮ್ಮಿ ಹಾಕಬೇಕು. ಆಕ್ಸಿಲರೇಟರ್ ಒಂಚೂರು ಸಡಿಲಿಸಿ ಮೂತಿಯನ್ನು ಒಳಗೆ ತರಬೇಕು. ಹಿಂಬದಿ ಜಾರಿದ ಕೂಡಲೇ ಸ್ಟೀರಿಂಗನ್ನು ಅದೇ ಬದಿಗೆ ತಿರುಗಿಸಿ ಹಿಡಿಯಬೇಕು.

ಕಂಟ್ರೋಲರ್ ಕೈಕೊಡುವುದು ಇಲ್ಲೇ. ವೀಲಿನಲ್ಲಿ ಎರಡೂವರೆ ಸುತ್ತು ಮಾಡುವ ಕೆಲಸವನ್ನು ಹೆಬ್ಬೆರಳು ಕಡ್ಡಿಯಷ್ಟು ಜಾಗದಲ್ಲಿ ಮುಗಿಸಬೇಕು. ಅದಕ್ಕೇ ಗೇಮು ನಮ್ಮ ಬೆರಳಿನ ಆಟವನ್ನು ತಾನೇ ಸ್ವಲ್ಪ ನಯ ಮಾಡುತ್ತದೆ. ಸೆಟ್ಟಿಂಗಿನಲ್ಲಿ ಫಿಲ್ಟರ್ ಜಾಸ್ತಿ ಇಟ್ಟರೆ ಕಾರು ಸಾಧು, ಆದರೆ ಜಾರಿದಾಗ ಸ್ಟೀರಿಂಗ್ ತಡವಾಗಿ ತಿರುಗುತ್ತದೆ. ಕಮ್ಮಿ ಇಟ್ಟರೆ ನೇರ ರಸ್ತೆಯಲ್ಲೂ ಓಲಾಟ. ಗೇಮಿನಲ್ಲಿರುವ ಇಟಲಿಯ ಟ್ರೆಂಟೊ-ಬೊಂಡೋನೆ ಘಾಟಿಯ ಹಿಮ್ಮುರಿ ತಿರುವುಗಳಲ್ಲಿ ಕಂಟ್ರೋಲರ್ ಗಡಗಡ ನಡುಗುತ್ತದೆ ನಿಜ, ಆದರೆ ಹಿಡಿತ ಬಿಟ್ಟದ್ದು ಮುಂದಿನ ಟಯರೋ ಹಿಂದಿನದೋ ಗೊತ್ತಾಗುವುದಿಲ್ಲ.

ವೀಲಿನಲ್ಲಿ ಮುಂದಿನ ಟಯರ್ ಸೋತರೆ ಸ್ಟೀರಿಂಗ್ ಕೈಗೆ ಹಗುರಾಗುತ್ತದೆ. ಹಿಂಬದಿ ಜಾರಿದರೆ ಅದು ತಾನಾಗಿ ಆ ಕಡೆಗೆ ತಿರುಗುತ್ತದೆ. ಬೆರಳು ಸಡಿಲ ಬಿಟ್ಟು, ಸಾಕು ಅನಿಸಿದಲ್ಲಿ ಹಿಡಿದರೆ ಆಯ್ತು. ಅರ್ಧ ಕೆಲಸ ಕಾರೇ ಮಾಡುತ್ತದೆ.

ಆದರೆ ಕುರ್ಚಿಯ ಕತೆ ಯಾರೂ ಹೇಳುವುದಿಲ್ಲ ಮಾರಾಯ್ರೇ. ಎಬಿಎಸ್ ಇಲ್ಲದ ಕಾರಲ್ವಾ, ಚಕ್ರ ಲಾಕ್ ಆಗದ ಹಾಗೆ ಹದವಾಗಿ ಬ್ರೇಕ್ ಒತ್ತಬೇಕು. ನನ್ನ ಬ್ರೇಕ್ ಪೆಡಲಿನೊಳಗೆ ಒಂದು ಗಟ್ಟಿ ರಬ್ಬರ್ ತುಂಡು ಉಂಟು. ಒತ್ತಿದರೆ ಪೆಡಲ್ ಮುಂದೆ ಹೋಗುವ ಬದಲು ನಾನೇ ಹಿಂದೆ ಹೋಗುತ್ತೇನೆ! ಗಾಲಿ ಇರುವ ಆಫೀಸ್ ಕುರ್ಚಿ, ಉಪ್ಪರಿಗೆಯಲ್ಲಿ ನುಣ್ಣನೆಯ ಕಾವಿ ನೆಲ. ಕೇಳಬೇಕಾ?

ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ, ಅದರ ಹಿಂಗಾಲು ಬಾಗಿತು. ಆಫೀಸ್ ಕುರ್ಚಿಯ ಗಾಲಿಗಳನ್ನೇ ಹಳೆ ಚಪ್ಪಲಿಗಳೊಳಗೆ ಕೂರಿಸಿದೆ. ಬೇಸಿಗೆ ಕಳೆಯಿತು. ಮಳೆಗಾಲದಲ್ಲಿ ನೆಲ ಬೆವರಲು ಶುರುವಾದದ್ದೇ, ಚಪ್ಪಲಿ ಸಮೇತ ಜಾರಿತು. ಕೊನೆಗೆ ಬಾವಿಯ ಹಳೆ ನೈಲಾನ್ ಹಗ್ಗದಲ್ಲಿ ಕುರ್ಚಿಯನ್ನು ಹಲಸಿನ ಮೇಜಿನ ಕಾಲಿಗೆ ಬಿಗಿದೆ. ಪೆಡಲಿಗೂ ಗೋಡೆಗೂ ನಡುವೆ ಒಂದು ಪಕ್ಕಾಸಿನ ತುಂಡು ಕೊಟ್ಟೆ. ಆಮೇಲೆಯೇ ಒಂದೇ ಜಾಗದಲ್ಲಿ, ಒಂದೇ ಹದದಲ್ಲಿ ಬ್ರೇಕ್ ಹಾಕಲು ಸಾಧ್ಯವಾದದ್ದು. ಕಂಟ್ರೋಲರಿಗೆ ಈ ರಗಳೆ ಯಾವುದೂ ಇಲ್ಲ, ಒಪ್ಪುತ್ತೇನೆ.

ಶಬ್ದದಲ್ಲೂ ಕಂಟ್ರೋಲರೇ ಮೇಲು. ನನ್ನ ವೀಲಿನ ಒಳಗೆ ಗೇರಿನ ಹಲ್ಲುಗಳಿವೆ, ಕಡಕಡ ಅನ್ನುತ್ತವೆ. ನಾನು ಆಡುವುದೇ ರಾತ್ರಿ ಹತ್ತರ ಮೇಲೆ. "ಎಂತ ಅದು, ಈ ಹೊತ್ತಿಗೆ ಮಿಕ್ಸಿಯಾ?" ಅಂತ ಅಮ್ಮ ಕೆಳಗಿಂದ ಕೇಳಿದ್ದುಂಟು. ಫೋರ್ಸ್ ಫೀಡ್‌ಬ್ಯಾಕ್, ಅಂದ್ರೆ ವೀಲ್ ಕೈಯನ್ನು ಎಳೆಯುವ ಬಲ, ಇಳಿಸಿದ ಮೇಲೆ ಪರವಾಗಿಲ್ಲ.

ಕರೆಂಟು ಹೋದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ವೀಲ್ ಸಾಯುತ್ತದೆ. ಇನ್ವರ್ಟರ್ ಇದ್ದರೆ ಒಳ್ಳೇದು.

ಕೀಬೋರ್ಡ್? ಸುಮ್ನೆ ಬಿಡಿ.

ಗೇರ್ ಲಿವರನ್ನು ಬೇರೆಯಾಗಿ ಕೊಳ್ಳಬೇಕು. ಐದು ಗೇರಿನ ಕಾರಿಗೆ ಅದು ಚಂದವೇ, ಆದರೆ ನನಗೆ ಸ್ಟೀರಿಂಗಿನ ಹಿಂದಿನ ಪ್ಯಾಡಲ್ ಸಾಕು. ಆ ದುಡ್ಡಲ್ಲಿ ಮೊದಲು ಗೇಮಿಗೆ ಬೇರೆಯಾಗಿ ಕೊಳ್ಳುವ 2016ರ ಜಪಾನೀಸ್ ಪ್ಯಾಕ್ ತಗೊಳ್ಳಿ, ಎಇ86 ಇರುವುದು ಅದರಲ್ಲಿ. ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬರುವ ತನಕ ಕಾದರೆ ಇನ್ನೂ ಅಗ್ಗ. ವಾರಕ್ಕೊಮ್ಮೆ ಮಂಚದ ಮೇಲೆ ಕೂತು ಅರ್ಧ ಗಂಟೆ ಆಡುವವರಾದರೆ ಮಾತ್ರ ವೀಲಿಗೆ ದುಡ್ಡು ಹಾಕಬೇಡಿ.